ಅಮ್ಮನ ಜಪಾನಿನ ಮಗಳು

ಆನೆಕೊಂಡ, ದಾವಣಗೆರೆ
12-1-2025

ಅಮ್ಮನಿಗೆ,

ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ, ಅಜ್ಜಿ ಹೇಳಿಕೊಟ್ಟಳು. ಅಜ್ಜಿ ಕ್ಷೇಮ, ಅಪ್ಪ ಕ್ಷೇಮ, ಹಿತ್ತಲಿನ ಕರಿಬೇವಿನ ಗಿಡವೂ ಕ್ಷೇಮ. ನನ್ನ ವಿಷಯ ಮುಂದೆ ಬರೆಯುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಹೇಗೆ ಹೇಳಲಿ? ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಸುಷ್ಮಾ ಕೈಗೆ ಫೋನ್ ಕೊಡಬಾರದು ಎಂದು ಕಾನೂನು ಮಾಡಿ ವಿಮಾನ ಹತ್ತಿದವಳು ನೀನೇ. ಭಾನುವಾರ ನಿನ್ನ ಫೋನ್ ಬಂದರೆ ಅಜ್ಜಿ ಸ್ಪೀಕರ್ ಹಾಕಿ ಮಂಚದ ಮೇಲಿಡುತ್ತಾಳೆ. ಸುತ್ತಲೂ ಅಪ್ಪ, ಪಕ್ಕದ ಮನೆಯ ಬೀಬಿಜಾನ್ ಆಂಟಿ, ಅವರ ಮಗಳು ರುಕ್ಸಾನಾ. ಅಷ್ಟು ಜನರ ನಡುವೆ ನಾನು "ಊಟ ಆಯ್ತು, ಓದ್ತಿದೀನಿ" ಎಂದು ಎದ್ದು ಹೋಗುತ್ತೇನೆ. ಅದಕ್ಕೇ ಕಾಗದ.

ನಮ್ಮ ಸೆಂಡಾಫ್ ಮಾರ್ಚ್ ಒಂದನೇ ತಾರೀಕು. ಹತ್ತನೇ ಕ್ಲಾಸಿನ ಹುಡುಗಿಯರೆಲ್ಲ ಅವತ್ತು ಅಮ್ಮನ ಸೀರೆ ಉಟ್ಟು ಬರುತ್ತಾರೆ. ಅದೇ ಶಾಲೆಯಲ್ಲಿ ಅಷ್ಟು ವರ್ಷ ಇಂಗ್ಲಿಷ್ ಕಲಿಸಿದ ನಿನಗೆ ಇದನ್ನು ನಾನು ಹೇಳಬೇಕಾಗಿಲ್ಲ. ಪ್ರತಿ ವರ್ಷ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಯಾರ್ಯಾರದೋ ಮಕ್ಕಳ ಜಾರುವ ಸೆರಗಿಗೆ ಪಿನ್ನು ಚುಚ್ಚಿ, ಗಲ್ಲ ಹಿಡಿದು ನೋಡಿ ಕಳಿಸುತ್ತಿದ್ದೆ. ನಾನು ಕಿಟಕಿಯಾಚೆ ನಿಂತು ನೋಡುತ್ತಿದ್ದೆ. ಐದನೇ ಕ್ಲಾಸಿನಲ್ಲಿ ನನಗೂ ಉಡಿಸು ಎಂದು ಅತ್ತಾಗ, "ಸುಮ್ಕಿರು, ನಿನ್ನ ಸೆಂಡಾಫಿಗೆ ಸಾಸಿವೆ ಬಣ್ಣದ ಇಳಕಲ್ ಸೀರೆ. ನಾನೇ ಉಡಿಸ್ತೀನಿ" ಎಂದಿದ್ದೆ. ಈಗ ಆ ಸೀರೆಯೂ ಜಪಾನಿನಲ್ಲಿದೆ, ಉಡಿಸಬೇಕಾದ ಕೈಯೂ ಅಲ್ಲೇ ಇದೆ. ಒಂದು ವಾರ ರಜೆ ಹಾಕಿ ಬಾ. ಇಲ್ಲವಾದರೆ ಸೀರೆಯನ್ನಾದರೂ ಕಳಿಸು.

ಇನ್ನೊಂದು ವಿಷಯ. ಅಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಒಂದು ವರ್ಷಕ್ಕೆಂದು ಹೋದವಳು ಇನ್ನೊಂದು ವರ್ಷ ಇರುತ್ತೀಯಂತೆ, ಒಪ್ಪಿಗೆ ಕಾಗದಕ್ಕೆ ಸಹಿ ಹಾಕುವುದಷ್ಟೇ ಬಾಕಿಯಂತೆ. ಅಪ್ಪ ಅಡುಗೆಮನೆಯಲ್ಲಿ ಅಜ್ಜಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ನನ್ನ ಹತ್ತಿರ ಯಾರೂ ಹೇಳಲಿಲ್ಲ. ಅಜ್ಜಿ ಏನೆಂದಳು ಗೊತ್ತಾ? "ಇರ್ಲಿ ಬಿಡಪ್ಪ, ಮಗಳು ಹೆಂಗೂ ದೊಡ್ಡೋಳಾದ್ಲು."

ನಾನು ದೊಡ್ಡವಳಾಗಿಲ್ಲ. ಸಹಿ ಹಾಕಬೇಡ. ಏಪ್ರಿಲ್ ತಿಂಗಳಲ್ಲಿ ಮನೆಗೆ ಬಾ. ನನಗೆ ಬೇಕಾಗಿರುವುದು ಅದೊಂದೇ.

ಇಂತಿ,
ನೆನಪಿದ್ದರೆ ನಿನ್ನ ಮಗಳು,
ಸುಷ್ಮಾ


ಜಪಾನ್
26-1-2025

ನನ್ನ ಸುಷ್ಮಾ,

ನಿನ್ನ ಅಕ್ಷರ ನೋಡಿ ಎಷ್ಟು ತಿಂಗಳಾಗಿತ್ತು! ಬೈಗುಳವೇ ಆದರೂ ಕಾಗದವನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಮಾರ್ಚ್ ಒಂದಕ್ಕೆ ಬರಲು ಆಗುವುದಿಲ್ಲ. ಇಲ್ಲಿಯ ಮಕ್ಕಳ ಬೀಳ್ಕೊಡುಗೆ ಮಾರ್ಚ್ ಹನ್ನೆರಡಕ್ಕೆ. ಅದಕ್ಕೆ ಈಗಿನಿಂದಲೇ ಸಭೆಗಳು ಶುರುವಾಗಿವೆ, ಆ ತಿಂಗಳು ಯಾವ ಮೇಷ್ಟ್ರಿಗೂ ರಜೆ ಇಲ್ಲ.

ನಮ್ಮಲ್ಲಿ ಸೆಂಡಾಫ್ ಎಂದರೆ ಭಾಷಣ, ಹಾಡು, ಊಟ, ಗಲಾಟೆ. ಇಲ್ಲಿ ಹಾಗಲ್ಲ ಕಣೇ. ಏಳುವುದಕ್ಕೆ, ಬಗ್ಗುವುದಕ್ಕೆ, ಕೂರುವುದಕ್ಕೆ ಸಹ ಅಭ್ಯಾಸ ಮಾಡಿಸುತ್ತಾರೆ. ಎಲ್ಲರ ಕುರ್ಚಿಯೂ ಒಟ್ಟಿಗೆ ಸದ್ದು ಮಾಡಬೇಕು. ಕ್ಲಾಸ್ ಟೀಚರ್ ಒಬ್ಬೊಬ್ಬರದೇ ಹೆಸರು ಕೂಗುತ್ತಾರೆ. ಮಗು ಎದ್ದು "ಹಾಯ್" ಎನ್ನಬೇಕು. ಅವರ ಭಾಷೆಯಲ್ಲಿ ಅದು ಹೌದು ಎಂದು, ನಮ್ಮ ಪ್ರೆಸೆಂಟ್ ಮಿಸ್ ಇದ್ದ ಹಾಗೆ. ಆಮೇಲೆ ವೇದಿಕೆ ಹತ್ತಿ ಎರಡೂ ಕೈಯಲ್ಲಿ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಇಡೀ ಸಮಾರಂಭದ ಜೀವ ಆ ಹೆಸರು ಕೂಗುವುದರಲ್ಲೇ ಇದೆ. ಹಾಗಾಗಿ ಇಲ್ಲಿಯ ಟೀಚರುಗಳು ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಹೆಸರುಗಳನ್ನು ಹೇಳಿಕೊಳ್ಳುತ್ತಾರಂತೆ.

ಈ ಸಲ ನನ್ನ ಚಿಂತೆಯೆಲ್ಲ ಅಕಾನೆಯದು. ನಿನ್ನದೇ ವಯಸ್ಸು, ನಿನ್ನ ಹಾಗೇ ಉಗುರು ಕಚ್ಚುತ್ತಾಳೆ. ಅವಳ ಅಮ್ಮನಿಗೆ ದೂರದ ಪಟ್ಟಣದಲ್ಲಿ ಆಸ್ಪತ್ರೆ ಕೆಲಸ, ಇವಳು ಅಜ್ಜಿಯ ಮನೆಯಲ್ಲಿ ಇರುತ್ತಾಳೆ. ಕ್ಲಾಸಿನಲ್ಲಿ ಅವಳ ದನಿಯನ್ನು ಯಾರೂ ಕೇಳಿಲ್ಲ. ಮಧ್ಯಾಹ್ನದ ಊಟಕ್ಕೆ ಮಾತ್ರ ನನ್ನ ಪಕ್ಕಕ್ಕೇ ಬಂದು ಕೂರುತ್ತಾಳೆ. ನೀವು ಕಳಿಸಿದ ಶೇಂಗಾ ಚಟ್ನಿಪುಡಿ ಎಂದರೆ ಅವಳಿಗೆ ಪ್ರಾಣ. ಡಬ್ಬಿಯ ತಳ ಕಾಣಿಸುತ್ತಿದೆ! ಅವತ್ತು ಎಲ್ಲರೆದುರು ಅವಳು "ಹಾಯ್" ಎಂದರೆ ನಾನು ಇಲ್ಲಿಗೆ ಬಂದದ್ದು ಸಾರ್ಥಕ.

ಸೀರೆಯ ವಿಷಯ. ಹೆಡ್ ಮಾಸ್ಟರು ನನ್ನನ್ನು ಕರೆದು, ಆ ದಿನ ನಿಮ್ಮ ದೇಶದ ಉಡುಪಿನಲ್ಲಿ ಬಂದರೆ ನಮಗೆಲ್ಲ ಗೌರವ ಎಂದರು. ಇಲ್ಲಿ ನನ್ನ ಹತ್ತಿರ ಇರುವ ಒಳ್ಳೆಯ ಸೀರೆ ಅದೊಂದೇ. ನೀನು ಅಜ್ಜಿಯ ಸೀರೆ ಉಡು ಪುಟ್ಟಿ, ಅವಳ ಹತ್ತಿರ ಇದಕ್ಕಿಂತ ಒಳ್ಳೆಯವಿವೆ.

ಮುಂದಿನ ವರ್ಷದ ಬಗ್ಗೆ ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಯೋಚನೆ ಮಾಡುತ್ತಿದ್ದೇನೆ. ನೀನು ಚೆನ್ನಾಗಿ ಓದು.

ಇಂತಿ ನಿನ್ನ,
ಅಮ್ಮ


ಆನೆಕೊಂಡ
8-2-2025

ಅಮ್ಮನಿಗೆ,

ಆ ಶೇಂಗಾ ಹುರಿದು, ಸಿಪ್ಪೆ ಕೇರಿ, ಒರಳಿನಲ್ಲಿ ಕುಟ್ಟಿದವಳು ನಾನು. ಮಿಕ್ಸಿಗೆ ಹಾಕೋಣ ಎಂದರೆ ಅಜ್ಜಿ, "ಬ್ಯಾಡ, ನಿಮ್ಮವ್ವಗೆ ಕುಟ್ಟಿದ್ದೇ ಸೇರೋದು" ಎಂದಳು. ಅಂಗೈ ಕೆಂಪಾಗಿ ಎರಡು ದಿನ ಪೆನ್ನು ಹಿಡಿಯಲು ಆಗಲಿಲ್ಲ. ಅದು ನಿನಗೆಂದು ಕುಟ್ಟಿದ್ದು. ಅಕಾನೆಗೆ ಬೇಕಿದ್ದರೆ ಅವಳ ಅಜ್ಜಿ ಕುಟ್ಟಲಿ.

ನಿನ್ನ ಕಾಗದವನ್ನು ಅಳತೆ ಹಾಕಿ ನೋಡಿದೆ. ಅವರ ಕುರ್ಚಿ, ಅವರ ಹೆಸರು, ಅವಳ ಉಗುರು ಎಲ್ಲ ಸೇರಿ ಎರಡು ಪುಟ. ನನಗೆ ಎಂದು ಇರುವುದು "ಅಜ್ಜಿಯ ಸೀರೆ ಉಡು" ಮತ್ತು "ಚೆನ್ನಾಗಿ ಓದು". ಹೊಟ್ಟೆಕಿಚ್ಚು ಎಂದುಕೋ. ಹೌದು, ನನಗೆ ಹೊಟ್ಟೆಕಿಚ್ಚೇ. ಅವಳ ಮುಖ ನಾನು ನೋಡಿಲ್ಲ, ಆದರೂ ಸ್ನಾನ ಮಾಡುವಾಗ, ಜಡೆ ಹಾಕಿಕೊಳ್ಳುವಾಗ ಅವಳ ಜೊತೆ ಜಗಳವಾಡುತ್ತೇನೆ. ಉಗುರು ಕಚ್ಚುವುದನ್ನು ಮಾತ್ರ ಬಿಟ್ಟುಬಿಟ್ಟೆ. ಅವಳ ಹಾಗೆ ಇರುವುದು ನನಗೆ ಬೇಡ.

ಅವಳಿಗೆ ಅಮ್ಮ ಇಲ್ಲ ಎಂದಿದ್ದರೆ ಸುಮ್ಮನಿರುತ್ತಿದ್ದೆ. ಅವಳಿಗೆ ಅಮ್ಮ ಇದ್ದಾರೆ, ಕೆಲಸಕ್ಕೆಂದು ದೂರದೂರಿನಲ್ಲಿದ್ದಾರೆ ಅಷ್ಟೇ. ನನಗೂ ಹಾಗೇ. ಆ ಅಮ್ಮ ಅಲ್ಲಿ ಇನ್ಯಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿದ್ದಾರೋ ಸ್ವಲ್ಪ ವಿಚಾರಿಸು.

ಇದು ಹೊಸದೂ ಅಲ್ಲ ಬಿಡು. ಇಲ್ಲಿದ್ದಾಗಲೂ ಶಾಲೆಯ ಗೇಟು ದಾಟಿದ ಮೇಲೆ ನೀನು ನನ್ನ ಅಮ್ಮ ಆಗಿರಲಿಲ್ಲ, ಭಾಗ್ಯ ಮಿಸ್ ಆಗಿದ್ದೆ. ಬೇರೆಯವರು ಬಿದ್ದರೆ ಓಡಿ ಬಂದು ಮಂಡಿ ಊದುತ್ತಿದ್ದೆ, ನಾನು ಬಿದ್ದರೆ ಆಯಾಳನ್ನು ಕಳಿಸುತ್ತಿದ್ದೆ. ಪ್ರಬಂಧ ಸ್ಪರ್ಧೆಯಲ್ಲಿ ನನ್ನದೇ ಚೆನ್ನಾಗಿದ್ದರೂ ಬಹುಮಾನ ಸುಫಿಯಾನ್‌ಗೆ ಕೊಟ್ಟೆ, ಮಿಸ್ ಮಗಳಿಗೇ ಕೊಟ್ಟರು ಎಂದು ಜನ ಆಡಿಕೊಳ್ಳಬಾರದು ಎಂದು. ಐದು ಗಂಟೆಗೆ ಮನೆಗೆ ಬಂದಮೇಲಾದರೂ ನನ್ನವಳಾಗುತ್ತಿದ್ದೆ. ಈಗ ಐದು ಗಂಟೆಯೂ ಇಲ್ಲ.

ನೆನ್ನೆ ಅಪ್ಪ ಹರಿಹರದ ಕೆಲಸ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದರು. ಅಮ್ಮನಿಗೆ ಸಹಿ ಹಾಕಬೇಡ ಎಂದು ನೀವಾದರೂ ಹೇಳಿ ಎಂದೆ. "ಮದುವಿ ಆದಾಗಿನಿಂದ ನಿಮ್ಮಮ್ಮ ನನಗೆ ಏನೂ ಬ್ಯಾಡ ಅಂದಿಲ್ಲ. ಈಗ ನಾನು ಹೆಂಗೆ ಅನ್ಲಿ?" ಎಂದರು. ಅಪ್ಪ ಅನ್ನುವುದಿಲ್ಲ. ನಾನು ಅನ್ನುತ್ತೇನೆ. ಬೇಡ.

ಸೀರೆ ಅವರಿಗೇ ಉಟ್ಟು ತೋರಿಸು. ನಾನು ಯೂನಿಫಾರಂನಲ್ಲಿ ಹೋಗುತ್ತೇನೆ.

ಇಂತಿ,
ಆನೆಕೊಂಡದ ಸುಷ್ಮಾ


ಜಪಾನ್
18-2-2025

ಸುಷ್ಮಾ,

ಕಾಗದ ಓದಿದ ಕೂಡಲೇ ಅಂಚೆ ಕಚೇರಿಗೆ ಹೋಗಿ ಬಂದೆ. ಸೀರೆ ಹೊರಟಿದೆ. ಬೇಗ ತಲುಪುವ ಅಂಚೆಯಲ್ಲೇ ಹಾಕಿದ್ದೇನೆ, ಒಂದನೇ ತಾರೀಕಿನೊಳಗೆ ಸಿಗುತ್ತದೆ ಎಂದರು. ಸಮಾರಂಭಕ್ಕೆ ನಾನು ಇಲ್ಲಿಯವರ ಹಾಗೇ ಕರಿ ಕೋಟು ಹಾಕಿಕೊಳ್ಳುತ್ತೇನೆ. ಹೆಡ್ ಮಾಸ್ಟರಿಗೆ, ಅದು ನನ್ನ ಮಗಳ ಸೀರೆ ಎಂದು ಹೇಳಿದೆ. ಅವರು ತಲೆ ಬಗ್ಗಿಸಿ ಕ್ಷಮೆ ಕೇಳಿದರು.

ಯೂನಿಫಾರಂನಲ್ಲಿ ಹೋಗಬೇಡ. ಪಿನ್ನನ್ನು ಸೆರಗಿನ ಒಳಗಡೆಯಿಂದ ಚುಚ್ಚಬೇಕು, ಹೊರಗಡೆಯಿಂದಲ್ಲ.

ನಿಮ್ಮ ಶಾಲೆಗೂ ಒಂದು ಉಡುಗೊರೆ ಕಳಿಸಿದ್ದೇನೆ. ಏನೆಂದು ಅವತ್ತೇ ಗೊತ್ತಾಗುತ್ತದೆ. ನಿನಗೆ ಖುಷಿಯಾಗುತ್ತದೆ, ನೋಡು.

ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಅವರಿಗೆ ಹೇಳಿಲ್ಲ. ನಿನಗೆ ಸುಳ್ಳು ಹೇಳಲಾರೆ.

ನಿನ್ನ,
ಅಮ್ಮ


ಆನೆಕೊಂಡ
2-3-2025

ಅಮ್ಮನಿಗೆ,

ನನಗೆ ಖುಷಿಯಾಗಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಸೀರೆ ಬರಲಿಲ್ಲ. ಪೋಸ್ಟ್ ಆಫೀಸಿಗೆ ದಿನಾ ಹೋದೆ. ಕೌಂಟರಿನವರು ನನ್ನ ಮುಖ ಕಂಡರೇ ಇಲ್ಲ ಎಂದು ಕೈ ಆಡಿಸುತ್ತಿದ್ದರು. ಶುಕ್ರವಾರ ಸಂಜೆ ಅಜ್ಜಿ, "ನಡಿ, ನನ್ನ ಟ್ರಂಕಿನಾಗೆ ನೋಡಾಣ" ಎಂದು ಹರಿಹರದ ಬಸ್ಸು ಹತ್ತಿಸಿದಳು. ನೀನು ಹೋದಮೇಲೆ ಅಜ್ಜಿ ನಮ್ಮಲ್ಲೇ ಇರುವುದರಿಂದ ಅವಳ ಆ ಮನೆ ಬಾಗಿಲು ತೆರೆದು ತಿಂಗಳಾಗಿತ್ತು. ಟ್ರಂಕಿನಲ್ಲಿದ್ದ ಕಡುನೀಲಿ ಸೀರೆ ತಂದೆವು, ಡಾಂಬರು ಗುಳಿಗೆಯ ವಾಸನೆ ಸಮೇತ. ಅಜ್ಜಿಗೆ ಈಗ ಬಗ್ಗಿ ನೆರಿಗೆ ಹಿಡಿಯಲು ಆಗುವುದಿಲ್ಲ. ಬೀಬಿಜಾನ್ ಆಂಟಿ ಬಂದು, "ಕೈ ಮ್ಯಾಲೆ ಎತ್ತು ಬೇಟಿ, ಹೊಟ್ಟಿ ಒಳಗ ಎಳಕೋ" ಎನ್ನುತ್ತಾ ಒಂದೇ ಸಲಕ್ಕೆ ಉಡಿಸಿಬಿಟ್ಟರು. ರುಕ್ಸಾನಾಗೂ ನನಗೂ ಒಂದೇ ಪೊಟ್ಟಣದ ಪಿನ್ನು. ಚೆನ್ನಾಗೇ ಕಾಣುತ್ತಿದ್ದೆ. ಅಪ್ಪ ಫೋಟೋ ತೆಗೆದು ನಿನಗೆ ಕಳಿಸಿದ್ದಾರಂತೆ.

ಶಾಲೆಯಲ್ಲಿ ದೀಪ, ಭಾಷಣ ಎಲ್ಲ ಆಯಿತು. ಮೈಕಿನಲ್ಲಿ ನೆನಪು ಹೇಳಿ ಎಂದರೆ ಹೋದವರೆಲ್ಲ ನಿನ್ನನ್ನೇ ನೆನೆಸಿಕೊಂಡರು. ಏಳನೇ ಕ್ಲಾಸಿನಲ್ಲಿ ಒಂದು ವರ್ಷ ಪೂರ್ತಿ ನಿನ್ನ ಡಬ್ಬಿಯ ಅರ್ಧ ರೊಟ್ಟಿ ತಿಂದೆ ಎಂದು ರುಕ್ಸಾನಾ ಅತ್ತಳು. ಜ್ವರ ಬಂದಾಗ ನೀನು ಆಟೋದಲ್ಲಿ ಮನೆಗೆ ಬಿಟ್ಟು ಬಂದೆಯಂತೆ, ಹಾಗೆಂದು ತಿಪ್ಪೇಶ ಅತ್ತ. ಇದ್ಯಾವುದೂ ನನಗೆ ಗೊತ್ತೇ ಇರಲಿಲ್ಲ. ನನ್ನ ಅಮ್ಮನ ಸಂಗತಿಗಳು ನನ್ನನ್ನೊಬ್ಬಳನ್ನು ಬಿಟ್ಟು ಎಲ್ಲರ ಹತ್ತಿರವೂ ಇದ್ದವು. ಇಡೀ ಕ್ಲಾಸು ಅಳುತ್ತಿತ್ತು, ನಾನು ಹಲ್ಲು ಕಚ್ಚಿ ಕೂತಿದ್ದೆ.

ಆಮೇಲೆ ನೀನು ಶಾಲೆಗೆ ಕಳಿಸಿದ್ದ ವಿಡಿಯೋ ಹಾಕಿದರು, ಪರದೆಯ ಮೇಲೆ ನೀನು ಬಂದೆ. ಹಿಂದೆ ಕಿಟಕಿ, ಕಿಟಕಿಯಾಚೆ ಹಿಮ. "ನನ್ನ ಮಕ್ಕಳೇ" ಎಂದೆ. ಇವತ್ತು ಕೊನೆಯ ಸಲ ನಿಮ್ಮ ಹಾಜರಿ ಹೇಳುತ್ತೇನೆ ಎಂದು ನೆನಪಿನಿಂದಲೇ ಶುರು ಮಾಡಿದೆ. ಹುಚ್ಚೆದ್ದುಹೋಯಿತು ಕ್ಲಾಸು. ಹೆಸರು ಬಂದವರೆಲ್ಲ ಎದ್ದು "ಪ್ರೆಸೆಂಟ್ ಮಿಸ್" ಎಂದು ಕಿರುಚುತ್ತಿದ್ದರು. ರುಕ್ಸಾನಾ ಆಯಿತು. ಸುಫಿಯಾನ್ ಆಯಿತು. ಮುಂದಿನದು ನನ್ನದು. ಸೆರಗು ಸರಿ ಮಾಡಿಕೊಂಡು ಎದ್ದು ನಿಂತೆ, ಬಾಯಿ ತೆರೆದೆ. ನೀನು "ತಿಪ್ಪೇಶ" ಎಂದೆ.

ಅವನು ಕೂಗಲಿಲ್ಲ, ನನ್ನ ಮುಖ ನೋಡಿದ. ಎಲ್ಲರೂ ನೋಡಿದರು. ನೀನು ಪರದೆಯ ಮೇಲೆ ನಗುತ್ತಾ ಮುಂದಿನ ಹೆಸರು ಹೇಳುತ್ತಿದ್ದೆ. ಕೊನೆಯವರೆಗೂ ಕಾದೆ. ಕೊನೆಯಲ್ಲೂ ಹೇಳಲಿಲ್ಲ.

ಎಂಟನೇ ಕ್ಲಾಸಿನ ಮೊದಲ ದಿನ ನೆನಪಿದೆಯಾ? ನೀನು ಹಾಜರಿ ಕೂಗಿದಾಗ ನಾನು ಅಭ್ಯಾಸಬಲದಿಂದ "ಪ್ರೆಸೆಂಟ್ ಅಮ್ಮ" ಎಂದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ದಿನದಿಂದ ನೀನು ಹಾಜರಿಯಲ್ಲಿ ನನ್ನ ಹೆಸರು ಕೂಗುವುದನ್ನೇ ಬಿಟ್ಟೆ. ಸುಮ್ಮನೆ ಗುರುತು ಹಾಕಿಕೊಳ್ಳುತ್ತಿದ್ದೆ. ನಾನೂ ಸುಮ್ಮನಿದ್ದೆ. ಆದರೆ ಇದು ಕೊನೆಯ ಸಲವಾಗಿತ್ತು.

ನೀರಿನ ಟ್ಯಾಂಕಿನ ಹಿಂದೆ ಹೋಗಿ ಅತ್ತೆ. ಪೆಂಡಾಲಿನ ಹಿಂದೆ ಬೇರೆ ಅಮ್ಮಂದಿರ ಜೊತೆ ನಿಂತಿದ್ದ ಬೀಬಿಜಾನ್ ಆಂಟಿ ಹುಡುಕಿಕೊಂಡು ಬಂದು, "ಅಳಬ್ಯಾಡೇ, ಕಾಡಿಗಿ ಎಲ್ಲಾ ಇಳೀತೈತೆ, ಗ್ರೂಪ್ ಫೋಟೋ ಇನ್ನಾ ಐತೆ" ಎಂದು ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿದರು. ಆ ಕ್ಷಣ ಅವರೇ ನನ್ನ ಅಮ್ಮ ಆಗಿದ್ದರೆ ಎಂದುಕೊಂಡೆ. ನಿನಗೆ ನೋವಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಹನ್ನೆರಡನೇ ತಾರೀಕು ಅಕಾನೆಯ ಹೆಸರು ಯಾರೂ ಮರೆಯುವುದಿಲ್ಲ ಬಿಡು. ಪಾತ್ರೆ ತೊಳೆಯುವಾಗಲೂ ಹೇಳಿಕೊಳ್ಳುತ್ತಾರಲ್ಲ.

ಸುಷ್ಮಾ


ಜಪಾನ್
13-3-2025

ಸುಷ್ಮಾ,

ನಿನ್ನ ಕಾಗದ ಸಮಾರಂಭದ ಹಿಂದಿನ ದಿನ ಸಂಜೆ ಸಿಕ್ಕಿತು. ಕೋಟು ಬಿಚ್ಚದೆ ನಿಂತೇ ಓದಿದೆ.

ಆ ವಿಡಿಯೋವನ್ನು ಮತ್ತೆ ಹಾಕಿ ನೋಡಿದೆ. ನೀನು ಹೇಳಿದ್ದು ನಿಜ. ಮೇಜಿನ ಮೇಲೆ ಹಾಜರಿ ಪುಸ್ತಕ ಇರುವ ಹಾಗೆ ತಲೆ ತಗ್ಗಿಸಿಕೊಂಡು ಹೆಸರು ಹೇಳುತ್ತಿದ್ದೇನೆ. ಸುಫಿಯಾನ್ ಎಂದಾದ ಮೇಲೆ ಒಂದು ಸಲ ತಲೆ ಎತ್ತುತ್ತೇನೆ. ಅಷ್ಟೂ ಹೊತ್ತಿನಲ್ಲಿ ನಾನು ತಲೆ ಎತ್ತಿರುವುದು ಅಲ್ಲಿ ಮಾತ್ರ. ಮತ್ತೆ ತಗ್ಗಿಸಿ ತಿಪ್ಪೇಶ ಎನ್ನುತ್ತೇನೆ. ಕ್ಲಾಸಿನಲ್ಲಿ ನಿನ್ನ ಹಾಜರಿಯನ್ನು ಹಾಗೇ ತೆಗೆದುಕೊಳ್ಳುತ್ತಿದ್ದೆ, ತಲೆ ಎತ್ತಿ, ನಿನ್ನನ್ನು ನೋಡಿ. ದೇಶ ಬದಲಾದರೂ ಕುತ್ತಿಗೆಯ ಅಭ್ಯಾಸ ಬದಲಾಗಿಲ್ಲ. ಇದು ಸಮಜಾಯಿಷಿ ಅಲ್ಲ. ಹೆಸರು ಕೇಳಲು ಎದ್ದು ನಿಂತವಳಿಗೆ ಹೆಸರೇ ಬೇಕು, ಗೊತ್ತು.

ನೆನ್ನೆಯ ಸಂಗತಿ ಹೇಳುತ್ತೇನೆ. ನಿನಗೆ ಸಿಟ್ಟು ಬರುತ್ತದೆ, ಆದರೂ ಓದು.

ದೊಡ್ಡ ಹಾಲ್. ಗೋಡೆಗೆಲ್ಲ ಕೆಂಪು ಬಿಳಿ ಪಟ್ಟೆಯ ಪರದೆ. ಚಳಿಗೆ ಮೂಲೆ ಮೂಲೆಯಲ್ಲಿ ಸ್ಟೌವ್ ಉರಿಯುತ್ತಿತ್ತು. ಹಿಂದಿನ ಸಾಲುಗಳಲ್ಲಿ ಅಮ್ಮಂದಿರು ಕರಿ ಉಡುಪಿನಲ್ಲಿ ಕರವಸ್ತ್ರ ಹಿಡಿದು ಕೂತಿದ್ದರು. ನಾನು ಟೀಚರುಗಳ ಸಾಲಿನ ಕೊನೆಯಲ್ಲಿದ್ದೆ. ಕ್ಲಾಸ್ ಟೀಚರ್ ಹೆಸರು ಕೂಗತೊಡಗಿದರು. ಒಂದೊಂದು ಹೆಸರಿಗೂ ಒಂದು ಮಗು ಎದ್ದು ಹಾಯ್ ಎನ್ನುತ್ತಿತ್ತು, ಹಿಂದೆ ಒಬ್ಬ ಅಮ್ಮನ ತಲೆ ಮೇಲೇಳುತ್ತಿತ್ತು. ಮೂರನೇ ಹೆಸರಿನ ಹೊತ್ತಿಗೇ ನನಗೆ ತಡೆಯಲು ಆಗಲಿಲ್ಲ. ಪಕ್ಕದ ಟೀಚರ್, ಈ ಮಕ್ಕಳನ್ನು ಬೀಳ್ಕೊಡುವ ದುಃಖ ಎಂದುಕೊಂಡು ನನ್ನ ಬೆನ್ನು ಸವರಿದರು. ನನ್ನ ಕಿವಿಯಲ್ಲಿ ಇದ್ದದ್ದು ಬೇರೆ ಹೆಸರು, ಯಾರೂ ಕೂಗದೇ ಉಳಿದದ್ದು.

ಅಕಾನೆಯ ಸರದಿ ಬಂತು. ಅವಳು ಎದ್ದಳು. ಹಾಲ್ ಪೂರ್ತಿ ಕೇಳುವಂತೆ "ಹಾಯ್" ಎಂದಳು. ವರ್ಷವೆಲ್ಲ ನಾನು ಕಾದಿದ್ದ ದನಿ. ಆದರೆ ಅವಳು ನನ್ನ ಕಡೆ ನೋಡಲಿಲ್ಲ. ವೇದಿಕೆಯ ಕಡೆಗೂ ಅಲ್ಲ. ಬೆನ್ನು ತಿರುಗಿಸಬಾರದೆಂದು ಅಷ್ಟು ಅಭ್ಯಾಸ ಮಾಡಿಸಿದ್ದರೂ ತಿರುಗಿ ಹಿಂದಿನ ಸಾಲು ನೋಡಿದಳು. ಅಲ್ಲಿ ಅವಳ ಅಮ್ಮ ಇದ್ದರು, ತಡವಾಗಿ ಬಂದು ಗೋಡೆಗೆ ಒರಗಿ ನಿಂತಿದ್ದರು. ಕೆಲಸದ ಬಟ್ಟೆಯ ಮೇಲೇ ಕೋಟು ಹಾಕಿಕೊಂಡಿದ್ದರು. ವರ್ಷವಿಡೀ ಆ ಹುಡುಗಿಯ ಪಕ್ಕ ಕೂತು ಉಂಡವಳು ನಾನು. ಕೊನೆಯ ದಿನ ಬಂದು ನಿಂತ ಆಕೆಗೆ ಆ ದನಿ ಸಿಕ್ಕಿತು. ನನ್ನ ಹೊಟ್ಟೆ ಉರಿದುಹೋಯಿತು ಸುಷ್ಮಾ. ಆಕೆಯ ಮೇಲೆ ಸಿಟ್ಟು ಬಂತು. ಆಮೇಲೆ ಆಕೆಯ ಜಾಗದಲ್ಲಿ ನಿಲ್ಲಬೇಕು ಅನ್ನಿಸಿತು, ಇಲ್ಲಿ ಅಲ್ಲ, ನಿಮ್ಮ ಶಾಲೆಯ ಪೆಂಡಾಲಿನ ಹಿಂದೆ.

ನಿಮ್ಮಪ್ಪ ಕಳಿಸಿದ ಫೋಟೋದಲ್ಲಿ ಬೀಬಿಜಾನ್ ಮಂಡಿಯೂರಿ ನಿನ್ನ ನೆರಿಗೆ ಹಿಡಿದಿದ್ದಾಳೆ, ನೀನು ಅವಳ ತಲೆಯ ಮೇಲೆ ಕೈಯೂರಿ ನಗುತ್ತಿದ್ದೀಯ. ಎಷ್ಟೋ ಸಲ ನೋಡಿದೆ. ಆಕೆ ನನ್ನ ಒಳ್ಳೆಯ ನೆರೆಯವಳು, ನನ್ನ ಮಗಳನ್ನು ಅಷ್ಟು ಚೆಂದ ಮಾಡಿದ್ದಾಳೆ. ಆದರೂ ಕತ್ತರಿ ಸಿಕ್ಕರೆ ಆ ಫೋಟೋದಿಂದ ಆಕೆಯನ್ನು ಕತ್ತರಿಸಿ ತೆಗೆಯುತ್ತಿದ್ದೆ. ನೋವಾಗಲಿ ಎಂದು ಬರೆದೆಯಲ್ಲ, ಆಯಿತು.

ಈಗ ಸಹಿಯ ಮಾತು. ಹೆಡ್ ಮಾಸ್ಟರು ಇಪ್ಪತ್ತೈದನೇ ತಾರೀಕಿನವರೆಗೆ ಕಾಯುತ್ತೇನೆ ಎಂದಿದ್ದಾರೆ. ನನಗೆ ಈ ಕೆಲಸ ಇಷ್ಟ. ಇಲ್ಲಿ ನಾನು ಯಾರ ಹೆಂಡತಿ, ಯಾರ ಮಗಳು ಎಂದು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಆ ಗೇಟು ದಾಟುವಾಗ ನನಗೆ ಸಂತೋಷವಾಗುತ್ತದೆ. ಹೀಗೆ ಹೇಳಿದರೆ ನಿನಗೆ ಇನ್ನಷ್ಟು ಉರಿಯುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ ಎಂದಿದ್ದೇನೆ. ನಾನು ನಿನ್ನಿಂದ ಇಪ್ಪತ್ಮೂರನೇ ತಾರೀಕು ಭಾನುವಾರ ಫೋನಿನಲ್ಲಿ ಒಂದೇ ಮಾತು ಕೇಳುತ್ತೇನೆ. ಬಾ ಎಂದರೆ ಏಪ್ರಿಲ್ ಮೊದಲ ವಾರ ನಾನು ಆನೆಕೊಂಡದಲ್ಲಿರುತ್ತೇನೆ. ಮತ್ತೆ ಈ ಮಾತು ಎತ್ತುವುದಿಲ್ಲ.

ಪರೀಕ್ಷೆ ಚೆನ್ನಾಗಿ ಬರಿ ಎಂದು ಹೇಳುವುದಿಲ್ಲ. ಅದನ್ನು ಎಲ್ಲರೂ ಹೇಳಿರುತ್ತಾರೆ.

ನಿನ್ನ,
ಅಮ್ಮ


ಆನೆಕೊಂಡ
23-3-2025

ಅಮ್ಮನಿಗೆ,

ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಎಲ್ಲ ಮುಗಿದು ಹಳೆಯದಾಗಿರುತ್ತದೆ. ಆದರೂ ಬರೆಯಬೇಕು. ಇವತ್ತು ಬೆಳಿಗ್ಗೆ ನಾನು ಫೋನಿನಲ್ಲಿ "ಸಹಿ ಹಾಕು" ಎಂದಾಗ ನೀನು "ಯಾಕೆ?" ಎಂದೆ. ಅಜ್ಜಿ, ಅಪ್ಪ, ಬೀಬಿಜಾನ್ ಆಂಟಿ ಮೂವರೂ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಅವರೆದುರು ಹೇಳುವ ಕಾರಣ ಅದಾಗಿರಲಿಲ್ಲ, ಎದ್ದು ಹೋದೆ. ಅಜ್ಜಿ ಈಗಲೂ ಓಣಿಯಲ್ಲಿ ಎಲ್ಲರಿಗೂ, "ನನ್ನ ಮೊಮ್ಮಗಳು ಎಷ್ಟು ತಿಳುವಳಿಕಸ್ಥೆ ನೋಡ್ರಿ, ತಾಯಿಗೆ ತಾನೇ ಧೈರ್ಯ ಹೇಳಿದ್ಲು" ಎನ್ನುತ್ತಿದ್ದಾಳೆ. ಹಾಗೇ ಅಂದುಕೊಳ್ಳಲಿ. ನೀನು ಮಾತ್ರ ಹಾಗೆ ಅಂದುಕೊಳ್ಳಬೇಡ.

ಕನ್ನಡ ಪೇಪರ್ ಸುಲಭ ಇತ್ತು. ಸೀರೆ ಹತ್ತನೇ ತಾರೀಕು ಬಂತು, ಅಜ್ಜಿ ಬೀರುವಿನಲ್ಲಿಟ್ಟಳು.

ಅಕಾನೆ ನಿನ್ನ ಕಡೆ ತಿರುಗಿ ನೋಡಲಿಲ್ಲ ಎಂದು ಓದಿ ನನಗೆ ಎಷ್ಟು ಖುಷಿಯಾಯಿತು ಎಂದರೆ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನಿನಗೆ ಹೊಟ್ಟೆ ಉರಿಯಿತಲ್ಲ, ಒಳ್ಳೆಯದಾಯಿತು. ನಾನೊಬ್ಬಳೇ ಕೆಟ್ಟವಳು ಎಂದುಕೊಂಡಿದ್ದೆ. ಆ ಹುಡುಗಿಯ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಅವಳೂ ವರ್ಷವೆಲ್ಲ ಅವಳ ಅಮ್ಮನಿಗೇ ಕಾಯುತ್ತಿದ್ದಳು ಪಾಪ. ಊಟಕ್ಕೆ ಮಾತ್ರ ನಿನ್ನನ್ನು ಇಟ್ಟುಕೊಂಡಿದ್ದಳು.

ಅಪ್ಪನ ಫೋನಿನಲ್ಲಿ ವಿಡಿಯೋ ಮತ್ತೆ ನೋಡಿದೆ. ತಲೆ ಎತ್ತುತ್ತೀಯ, ನಿಜ. ಆದರೂ ಹೆಸರು ಹೇಳಬೇಕಿತ್ತು. ಅದನ್ನು ನಾನು ಇನ್ನೂ ಬಿಟ್ಟಿಲ್ಲ, ಸದ್ಯಕ್ಕೆ ಬಿಡುವುದೂ ಇಲ್ಲ.

ಈಗ ಕಾರಣ. ನೆನ್ನೆ ನಿನ್ನ ಕಾಗದ ಬಂದಾಗ ಬಾ ಎಂದೇ ಹೇಳಬೇಕೆಂದಿದ್ದೆ. ಬೆಳಿಗ್ಗೆ ಎದ್ದು ಮತ್ತೆ ಓದಿದೆ. ಆ ಗೇಟು ದಾಟುವಾಗ ಸಂತೋಷವಾಗುತ್ತದೆ ಎಂದು ಬರೆದಿದ್ದೀಯ. ನಮ್ಮ ಶಾಲೆಯ ಗೇಟಿನ ಬಗ್ಗೆ ನೀನು ಯಾವತ್ತೂ ಹಾಗೆ ಹೇಳಿದವಳಲ್ಲ. ನೀನು ಬಂದುಬಿಟ್ಟೆ ಎಂದುಕೋ. ನನ್ನ ಪಕ್ಕ ಕೂತಿರುತ್ತೀಯ, ನನಗೇ ಜಡೆ ಹಾಕುತ್ತಿರುತ್ತೀಯ, ಕೈ ಅರ್ಧಕ್ಕೆ ನಿಂತುಬಿಡುತ್ತದೆ. ಏನಮ್ಮಾ ಎಂದರೆ ಏನಿಲ್ಲ ಎನ್ನುತ್ತೀಯ. ಆ ಏನಿಲ್ಲ ಎಂದರೆ ಅಕಾನೆ, ಆ ಹಾಲ್, ಆ ಹಿಮ. ನನ್ನ ಮನೆಯಲ್ಲಿ, ನನ್ನ ಎದುರಿಗೇ, ನೀನು ಅವರನ್ನು ನೆನೆಸಿಕೊಂಡು ಕೂರುತ್ತೀಯ. ಅದನ್ನು ದಿನಾ ನೋಡುವುದು ನನ್ನಿಂದ ಸಾಧ್ಯವಿಲ್ಲ.

ಅದರ ಬದಲು ನೀನು ಅಲ್ಲೇ ಇರು. ಅವರ ಮಧ್ಯೆ ಕೂತು ನನ್ನನ್ನು ನೆನೆಸಿಕೋ. ಅವರು ಏನಾಯಿತು ಮಿಸ್ ಎಂದು ಕೇಳಲಿ, ನೀನು ಏನಿಲ್ಲ ಎನ್ನು. ಒಂದು ವರ್ಷ ಅವರಿಗೂ ಹೊಟ್ಟೆ ಉರಿಯಲಿ.

ಇಂತಿ,
ನಿನ್ನ ಒಬ್ಬಳೇ ಮಗಳು,
ಸುಷ್ಮಾ